ಶಾಲೆಗೆ ಲಸಿಕೆ ಬರತ್ತೆ ಸರಿ, ನರ್ಸ್ ಎಲ್ಲಿ?

ಎಚ್‌ಪಿವಿ ಲಸಿಕೆ ಸುದ್ದಿಗೆ ಬಂದಾಗಲೆಲ್ಲ ಮುಂಬಯಿ, ಪುಣೆ ಕಡೆಯ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ಅದೇ ಗದ್ದಲ. ಒಬ್ರು 2024ರ ಫೆಬ್ರವರಿ 1ರ ಬಜೆಟ್ ಭಾಷಣದ ಕ್ಲಿಪ್ ಹಾಕ್ತಾರೆ, 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆಗೆ ಪ್ರೋತ್ಸಾಹ ಕೊಡ್ತೀವಿ ಅಂತ ನಿರ್ಮಲಾ ಸೀತಾರಾಮನ್ ಹೇಳಿದ್ದು. ಅದರ ಕೆಳಗೇ ಇನ್ಯಾರೋ 2010ರ ಹಳೇ ಪೇಪರ್ ಕಟಿಂಗ್ ಹಾಕ್ತಾರೆ, ಇದೇ ಲಸಿಕೆ ಹಾಕಿಸ್ಕೊಂಡ ಏಳು ಹುಡುಗಿಯರು ಸತ್ತಿದ್ರು ಅಂತ. ನಮ್ ಡಾಕ್ಟರ್ ಎರಡು ಡೋಸ್ ಬೇಕು ಅಂದ್ರು, ಡೋಸಿಗೆ ಎರಡು ಸಾವಿರ ಅಂತೆ, ಆದ್ರೆ ಡಬ್ಲ್ಯುಎಚ್‌ಒ ಒಂದೇ ಸಾಕು ಅಂತಿದೆಯಲ್ಲ ಅಂತ ಮೂರನೆಯವರದ್ದು. ಕೊನೆಗೆ ಯಾರಾದ್ರೂ ಒಬ್ಬ ತಾಯಿ ಕೇಳೇ ಕೇಳ್ತಾರೆ, ಶಾಲೆಯವರು ನಮ್ಮನ್ನ ಕೇಳದೇನೇ ಚುಚ್ಚಿಬಿಟ್ರೆ ಏನ್ ಮಾಡೋದು?

ತಮಾಷೆ ಅಂದ್ರೆ ಈ ನಾಲ್ಕರಲ್ಲಿ ಯಾವ್ದೂ ಪೂರ್ತಿ ಸುಳ್ಳಲ್ಲ. ಎಲ್ಲಾ ಅರ್ಧರ್ಧ ನಿಜ, ಅದಕ್ಕೇ ಇಷ್ಟು ಗೊಂದಲ. ಬಾಟ್ಲಿ ಒಳಗಿನ ಔಷಧದ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ, ಆಗ್ತಾನೂ ಇದೆ, ಆದ್ರೆ ಈ ದೇಶದಲ್ಲಿ ಹದಿಹರೆಯದ ಮಕ್ಕಳ ಲಸಿಕೆ ಕೆಟ್ಟಾಗಲೆಲ್ಲ ಕೆಟ್ಟಿದ್ದು ಆ ತಾಯಿಯ ಪ್ರಶ್ನೆಗೆ ಉತ್ತರ ಹೇಳೋ ಮನುಷ್ಯ ಶಾಲೆಯಲ್ಲಿ ಇಲ್ಲದೇ ಇದ್ದಿದ್ದಕ್ಕೆ.

ಕಾಯಿಲೆ ಏನು, ವಯಸ್ಸು ಯಾಕೆ ಅಷ್ಟು ಚಿಕ್ಕದು

ಎಚ್‌ಪಿವಿ ಅನ್ನೋದು ತೀರಾ ಸಾಮಾನ್ಯ ವೈರಸ್, ಲೈಂಗಿಕ ಸಂಪರ್ಕದಿಂದ ಹರಡತ್ತೆ, ಗಂಡಸರಿಗೂ ಬರತ್ತೆ ಹೆಂಗಸರಿಗೂ ಬರತ್ತೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗಿಬಿಡತ್ತೆ. ಕೆಲವರಲ್ಲಿ ಮಾತ್ರ ಹೋಗಲ್ಲ, ಒಳಗೇ ಕೂತ್ಕೊಂಡು ಹತ್ತಿಪ್ಪತ್ತು ವರ್ಷದ ಮೇಲೆ ಗರ್ಭಕಂಠದ ಕ್ಯಾನ್ಸರ್ ಆಗತ್ತೆ. ಇದನ್ನ ತೋರಿಸಿಕೊಟ್ಟಿದ್ದಕ್ಕೇ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್‌ನಲ್ಲಿ ತುಂಬಾ ಬಗೆ ಇದೆ, ಅದ್ರಲ್ಲಿ 16 ಮತ್ತು 18ನೇ ನಂಬರಿನವು ಜಗತ್ತಿನ ಸುಮಾರು ಶೇ. 70ರಷ್ಟು ಗರ್ಭಕಂಠದ ಕ್ಯಾನ್ಸರಿಗೆ ಕಾರಣ. 2022ರ ಅಂದಾಜಿನಲ್ಲಿ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಹೊಸ ಕೇಸ್, ಹತ್ರಹತ್ರ 80 ಸಾವಿರ ಸಾವು. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ರೆ ಇದೇ ಹೆಚ್ಚು.

ಲಸಿಕೆ ಆಗಲೇ ಒಳಗೆ ಬಂದಿರೋ ವೈರಸನ್ನ ಓಡಿಸಲ್ಲ, ಬರೋದಕ್ಕೆ ಮುಂಚೆ ತಡೆಯತ್ತೆ ಅಷ್ಟೇ. ಹಾಗಾಗಿ ಮದುವೆ, ಸಂಬಂಧ ಯಾವ್ದೂ ಶುರುವಾಗೋ ಮುಂಚೆನೇ, 9ರಿಂದ 14 ವರ್ಷದ ಒಳಗೇ ಕೊಡ್ಬೇಕು ಅನ್ನೋದು. ಆ ವಯಸ್ಸಲ್ಲಿ ದೇಹ ಪ್ರತಿಕಾಯಗಳನ್ನ ಮಾಡೋದೂ ಜೋರು. ಅಷ್ಟು ಚಿಕ್ಕ ಹುಡುಗಿಗೆ ಈ ವಿಷ್ಯ ಯಾಕೆ ಅಂತ ಮನೆಯಲ್ಲಿ ಮುಜುಗರ ಆಗೋದು ಸಹಜ, ಆದ್ರೆ ಹೆಪಟೈಟಿಸ್-ಬಿ ಕೂಡಾ ಅದೇ ದಾರೀಲಿ ಹರಡೋ ಕಾಯಿಲೆನೇ, ಅದರ ಲಸಿಕೆ ಹುಟ್ಟಿದ ದಿನವೇ ಕೊಡ್ತಾರೆ, ಯಾರೂ ಏನೂ ಅನ್ನಲ್ಲ.

ಮಕ್ಕಳಾಗಲ್ಲ ಅನ್ನೋ ಫಾರ್ವರ್ಡಿಗೂ ಆಧಾರ ಇಲ್ಲ. ಲಸಿಕೆಯಲ್ಲಿ ವೈರಸ್ಸೇ ಇರಲ್ಲ, ಅದರ ಹೊರಗಿನ ಪ್ರೋಟೀನ್ ಹೊದಿಕೆ ಮಾತ್ರ, ತಿರುಳು ತೆಗೆದ ತೆಂಗಿನ ಚಿಪ್ಪು ಇದ್ದಂಗೆ, ಅದರಿಂದ ಮತ್ತೆ ಗಿಡ ಹುಟ್ಟಲ್ಲ.

ಖಮ್ಮಂನಲ್ಲಿ ನಿಜಕ್ಕೂ ಏನಾಯ್ತು

ಆ ಪೇಪರ್ ಕಟಿಂಗಿನ ಕಥೆ ಸ್ವಲ್ಪ ನಿಧಾನಕ್ಕೆ ನೋಡ್ಬೇಕು, ಯಾಕಂದ್ರೆ ಇವತ್ತಿನ ಭಯದ ಬೇರು ಅಲ್ಲೇ ಇರೋದು. 2009ರಲ್ಲಿ ಪಾಥ್ ಅನ್ನೋ ಅಮೆರಿಕದ ಸಂಸ್ಥೆ, ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳು ಸೇರಿ ಆಗಿನ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡೋ ಪ್ರಾಜೆಕ್ಟ್ ಮಾಡಿದ್ರು. ಖಮ್ಮಂನಲ್ಲೇ ಸುಮಾರು 14 ಸಾವಿರ ಮಕ್ಕಳು, ಅದ್ರಲ್ಲಿ ಬುಡಕಟ್ಟು ಮಕ್ಕಳ ಹಾಸ್ಟೆಲ್‌ನವರೂ ತುಂಬಾ ಜನ. ಆಮೇಲೆ ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡ್ರು ಅಂತ ಸುದ್ದಿ ಬಂತು, 2010ರ ಏಪ್ರಿಲ್‌ನಲ್ಲಿ ಪ್ರಾಜೆಕ್ಟ್ ನಿಂತೋಯ್ತು.

ತನಿಖಾ ಸಮಿತಿ ಸಾವುಗಳನ್ನ ನೋಡಿದಾಗ ಲಸಿಕೆಗೂ ಅವಕ್ಕೂ ಸಂಬಂಧ ಕಾಣಲಿಲ್ಲ, ನೀರಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ಕೀಟನಾಶಕ ಕುಡಿದಿದ್ದು, ಜ್ವರ, ಹೀಗೆ. ಆದ್ರೆ ಅದೇ ತನಿಖೆಯಲ್ಲಿ ಇನ್ನೊಂದು ವಿಷ್ಯ ಹೊರಗೆ ಬಂತು, ಅದು ಮಾತ್ರ ಸಣ್ಣದಲ್ಲ. ಒಪ್ಪಿಗೆ ಫಾರ್ಮುಗಳಲ್ಲಿ ಎಷ್ಟೋ ಕಡೆ ಅಪ್ಪ ಅಮ್ಮನ ಸಹಿನೇ ಇರಲಿಲ್ಲ, ಹೆಡ್‌ಮಾಸ್ಟರ್ ಅಥವಾ ಹಾಸ್ಟೆಲ್ ವಾರ್ಡನ್ ಸಹಿ ಹಾಕಿಬಿಟ್ಟಿದ್ರು. ಲಸಿಕೆ ಆದ್ಮೇಲೆ ಏನಾದ್ರೂ ತೊಂದ್ರೆ ಆಯ್ತಾ ಅಂತ ಮಕ್ಕಳನ್ನ ಗಮನಿಸೋ ವ್ಯವಸ್ಥೆನೂ ಸಡಿಲ. 2013ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನ ಸರಿಯಾಗೇ ತರಾಟೆಗೆ ತಗೊಂಡಿತು.

ಇಲ್ಲಿ ಎರಡು ಮಾತು ಒಟ್ಟಿಗೆ ನಿಜ. ಲಸಿಕೆ ಆ ಮಕ್ಕಳನ್ನ ಕೊಲ್ಲಲಿಲ್ಲ. ಆ ಮಕ್ಕಳ ತಂದೆತಾಯಿಗೆ ಅನ್ಯಾಯ ಆಗಿದ್ದೂ ಸುಳ್ಳಲ್ಲ. ಲಸಿಕೆ ಪರ ಇರೋರು ಮೊದಲನೇದನ್ನ ಮಾತ್ರ ಹೇಳ್ತಾರೆ, ವಿರೋಧಿಗಳು ಎರಡನೇದನ್ನ ಹಿಡ್ಕೊಂಡು ಮೊದಲನೇದನ್ನ ಅಲ್ಲಗಳೀತಾರೆ, ಹಾಗಾಗಿ ಹದಿನೈದು ವರ್ಷ ಆದ್ರೂ ಈ ಜಗಳ ಮುಗಿದಿಲ್ಲ. ಆಗ ಖಮ್ಮಂನ ಒಂದೊಂದು ಹಾಸ್ಟೆಲಿನಲ್ಲಿ ಮೊದಲೇ ಊರಿಗೆ ಹೋಗಿ ತಾಯಂದಿರ ಜೊತೆ ಕೂತು ಮಾತಾಡೋ, ಆಮೇಲೆ ವಾರ ವಾರ ಮಕ್ಕಳನ್ನ ನೋಡೋ ಒಬ್ಬ ನರ್ಸಮ್ಮ ಇದ್ದಿದ್ರೆ ಈ ಎರಡನೇ ಭಾಗ ಹೆಚ್ಚುಕಮ್ಮಿ ಹುಟ್ತಾನೇ ಇರಲಿಲ್ಲ ಅನ್ಸತ್ತೆ.

ಒಂದು ಡೋಸೋ ಎರಡೋ: ಪುಣೆ, ಬಾರ್ಶಿ, ಪರೇಲಿನ ಪಾಲು

ಅದೇ 2009ರಲ್ಲಿ ಇನ್ನೊಂದು ಬೇರೆ ಅಧ್ಯಯನ ನಡೀತಿತ್ತು, ಐಎಆರ್‌ಸಿ ಅಂತ ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆಯದ್ದು. ಮುಂಬಯಿ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ, ಪುಣೆಯ ಜಹಾಂಗೀರ್, ಸೋಲಾಪುರ ಜಿಲ್ಲೆಯ ಬಾರ್ಶಿ ಕ್ಯಾನ್ಸರ್ ಆಸ್ಪತ್ರೆ ಇವೆಲ್ಲ ಅದರ ಕೇಂದ್ರಗಳು. ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ನೋಡೋಕೆ 20 ಸಾವಿರ ಹುಡುಗಿಯರನ್ನ ಸೇರಿಸ್ಬೇಕು ಅಂತಿತ್ತು. ಖಮ್ಮಂ ಗಲಾಟೆಯಿಂದ ಸರ್ಕಾರ ಎಲ್ಲಾ ಎಚ್‌ಪಿವಿ ಅಧ್ಯಯನಗಳಲ್ಲೂ ಲಸಿಕೆ ಹಾಕೋದನ್ನ ನಿಲ್ಲಿಸಿತು, ಆಗ ಸುಮಾರು ಐದು ಸಾವಿರ ಹುಡುಗಿಯರು ಒಂದೇ ಡೋಸ್ ಹಾಕಿಸ್ಕೊಂಡು ಅರ್ಧಕ್ಕೇ ಉಳಿದ್ರು.

ವಿಜ್ಞಾನಿಗಳು ಅವರನ್ನ ಬಿಡಲಿಲ್ಲ, ಹತ್ತು ವರ್ಷ ಹಿಂಬಾಲಿಸಿದ್ರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಒಂದೇ ಡೋಸ್ ತಗೊಂಡವರಿಗೂ 16, 18ರ ದೀರ್ಘ ಸೋಂಕಿನಿಂದ ಶೇ. 95ರಷ್ಟು ರಕ್ಷಣೆ, ಎರಡು ಮೂರು ಡೋಸಿನವರಿಗೆ ಸರಿಸಮ. 2022ರ ಕೊನೆಗೆ ಡಬ್ಲ್ಯುಎಚ್‌ಒ ಈ ವಯಸ್ಸಿಗೆ ಒಂದು ಡೋಸನ್ನೂ ಒಪ್ಪಿಕೊಂಡಿತಲ್ಲ, ಅದರ ಹಿಂದೆ ಇದ್ದ ಮುಖ್ಯ ಆಧಾರಗಳಲ್ಲಿ ಇದೂ ಒಂದು. ನಿಮ್ಮ ಡಾಕ್ಟರ್ ಎರಡು ಅನ್ನೋದೂ ತಪ್ಪಲ್ಲ, ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿದ್ದೇ 9ರಿಂದ 14 ವರ್ಷಕ್ಕೆ ಎರಡು ಡೋಸ್ ಅಂತ, ಅವರು ಲೇಬಲ್ ನೋಡಿ ಹೇಳ್ತಾರೆ. ರೋಗನಿರೋಧಕ ಶಕ್ತಿ ಕಮ್ಮಿ ಇರೋ, ಎಚ್‌ಐವಿ ಇರೋ ಮಕ್ಕಳಿಗಂತೂ ಒಂದು ಸಾಲಲ್ಲ.

ಒಂದೇ ಡೋಸ್ ಅಂದ್ರೆ ಖರ್ಚು ಅರ್ಧ ಅಷ್ಟೇ ಅಲ್ಲ, ಆರು ತಿಂಗಳ ಮೇಲೆ ಅದೇ ಹುಡುಗಿಯನ್ನ ಮತ್ತೆ ಹುಡುಕೋ ತಾಪತ್ರಯನೂ ಹೋಗತ್ತೆ. ವಲಸೆ ಬಂದವರ ಮಕ್ಕಳಿಗೆ ಇದು ತುಂಬಾ ದೊಡ್ಡ ವಿಷ್ಯ, ಅದಕ್ಕೆ ಆಮೇಲೆ ಬರೋಣ.

ಶಾಲೆಗೆ ಬಂದು ಕೊಡೋದಾ, ದವಾಖಾನೆಗೆ ಕರ್ಕೊಂಡು ಹೋಗೋದಾ

ಈಗಿನ ನಿಜವಾದ ಭಿನ್ನಾಭಿಪ್ರಾಯ ಇದು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಮುಖ್ಯವಾಗಿ ಶಾಲೆಗಳ ಮೂಲಕ, 5ರಿಂದ 10ನೇ ಕ್ಲಾಸಿನ ಹುಡುಗಿಯರಿಗೆ ಅನ್ನೋ ಲೆಕ್ಕ ಇತ್ತು. ಶಾಲೆಯಲ್ಲಿ ಕೊಡೋರ ವಾದ ಸರಳ, ಮಕ್ಕಳು ಒಂದೇ ಕಡೆ ಸಿಗ್ತಾರೆ. ಸಿಕ್ಕಿಂ 2018ರಲ್ಲಿ ಹೀಗೇ ಮಾಡಿ ಶೇ. 95ಕ್ಕೂ ಹೆಚ್ಚು ಹುಡುಗಿಯರನ್ನ ತಲುಪಿತು. ರುವಾಂಡಾ ಅಂಥ ಬಡ ದೇಶ 2011ರಲ್ಲಿ ಶುರು ಮಾಡಿ ಶೇ. 90ರ ಮೇಲೆ ತಲುಪಿತು, ಶಾಲೆಗೆ ಬರದ ಹುಡುಗಿಯರನ್ನ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಹುಡುಕ್ಕೊಂಡು ಹೋಗ್ತಾರೆ. ಇಂಗ್ಲೆಂಡಿನಲ್ಲಿ 2008ರಿಂದ ಶಾಲೆಗಳಲ್ಲೇ ಕೊಡ್ತಿದಾರೆ, 12-13ನೇ ವಯಸ್ಸಲ್ಲಿ ಲಸಿಕೆ ಸಿಕ್ಕ ತಲೆಮಾರಿನಲ್ಲಿ ಈ ಕ್ಯಾನ್ಸರ್ ಶೇ. 87ರಷ್ಟು ಕಮ್ಮಿ ಆಗಿದೆ ಅಂತ 2021ರಲ್ಲಿ ಗೊತ್ತಾಯ್ತು.

ಬೇಡ, ಸರ್ಕಾರಿ ಆಸ್ಪತ್ರೆಯಲ್ಲೇ ಕೊಡಿ ಅನ್ನೋರ ವಾದಕ್ಕೂ ತೂಕ ಇದೆ. ತಾಯಿ ಜೊತೆಗೇ ಬಂದಿದ್ರೆ ಒಪ್ಪಿಗೆ ಪ್ರಶ್ನೆನೇ ಬರಲ್ಲ, ಡಾಕ್ಟರ್ ಪಕ್ಕದಲ್ಲೇ ಇರ್ತಾರೆ, ಏನಾದ್ರೂ ಆದ್ರೆ ಬೆಡ್ ಇದೆ. ಆದ್ರೆ ಘಾಟ್ಕೋಪರಿನಲ್ಲಿ ಮೂರು ಮನೆ ಪಾತ್ರೆ ತಿಕ್ಕೋ ತಾಯಿ ಮಗಳನ್ನ ಕರ್ಕೊಂಡು ಬರೋಕೆ ಅರ್ಧ ದಿನದ ಕೆಲಸ ಬಿಡ್ಬೇಕು, ಹುಡುಗಿ ಶಾಲೆ ಬಿಡ್ಬೇಕು. ಹಾಗಾಗಿ ಬರೋರು ಯಾರು ಅಂದ್ರೆ ಹೆಂಗೂ ತಪಾಸಣೆಗೆ ಹೋಗೋ ಮನೆಯವರು, ಉಳಿಯೋರು ಯಾರಿಗೆ ಮುಂದೆ ಈ ಕ್ಯಾನ್ಸರ್ ಬರೋ ಸಾಧ್ಯತೆ ಹೆಚ್ಚೋ ಅವರೇ.

ಮೂರನೇ ಗುಂಪಿನವರೂ ಇದ್ದಾರೆ, ಅವರನ್ನ ಲಸಿಕೆ ವಿರೋಧಿಗಳು ಅಂತ ಒಂದೇ ಡಬ್ಬಿಗೆ ಹಾಕೋದು ಸರಿಯಲ್ಲ. ಇಷ್ಟು ದುಡ್ಡನ್ನ ಮೊದಲು ಮೂವತ್ತು ದಾಟಿದ ಹೆಂಗಸರ ತಪಾಸಣೆಗೆ ಹಾಕಿ ಅಂತಾರೆ ಅವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದ್ರೆ ಎನ್‌ಎಫ್‌ಎಚ್‌ಎಸ್-5ರಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದ್ರೂ ಈ ತಪಾಸಣೆ ಮಾಡಿಸ್ಕೊಂಡವರು ಶೇ. 1.9 ಮಾತ್ರ, ಅಂದ್ಮೇಲೆ ಅವರ ಸಿಟ್ಟು ನ್ಯಾಯವಾದದ್ದೇ. ಆದ್ರೆ ಮಗಳಿಗೆ ಲಸಿಕೆ ಬೇಕಾ ತಾಯಿಗೆ ತಪಾಸಣೆ ಬೇಕಾ ಅನ್ನೋದು ನನಗೆ ಪ್ರಶ್ನೆನೇ ಅನ್ಸಲ್ಲ. ಎರಡೂ ಕೆಲಸಕ್ಕೆ ಬೇಕಾಗಿರೋದು ಒಬ್ಬಳೇ ನರ್ಸು.

ಲಸಿಕೆ ದಿನ ಶಾಲೆಯ ಒಳಗೆ

ಹತ್ತಿರದಿಂದ ನೋಡಿದ್ರೆ ಗೊತ್ತಾಗತ್ತೆ ಯಾಕೆ ನರ್ಸ್ ಅಂತ ಇಷ್ಟು ಹೇಳ್ತಿರೋದು. ಬೆಳಿಗ್ಗೆ ಎಎನ್‌ಎಂ, ಅಂದ್ರೆ ಸರ್ಕಾರಿ ಆರೋಗ್ಯ ಕೇಂದ್ರದ ಸಹಾಯಕ ನರ್ಸ್, ನೀಲಿ ಡಬ್ಬ ತರ್ತಾರೆ, ಒಳಗೆ ನಾಲ್ಕು ಐಸ್ ಪ್ಯಾಕ್, ಮಧ್ಯದಲ್ಲಿ ವಯಲ್‌ಗಳು, 2ರಿಂದ 8 ಡಿಗ್ರಿ ಒಳಗೇ ಇರ್ಬೇಕು, ಹಾಗಂತ ಹೆಪ್ಪುಗಟ್ಟಲೂ ಬಾರದು. ಒಂದು ಕ್ಲಾಸ್‌ರೂಮ್ ಖಾಲಿ ಮಾಡಿರ್ತಾರೆ. ಹೊರಗೆ ಸಾಲು. ಸೂಜಿ ಚುಚ್ಚೋದು ಐದು ಸೆಕೆಂಡ್, ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸ್ಬೇಕು.

ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರು ಬೇರೆ ವಯಸ್ಸಿನವರಿಗಿಂತ ಬೇಗ ತಲೆ ಸುತ್ತಿ ಬೀಳ್ತಾರೆ, ಇದು ಯಾವ ಲಸಿಕೆಗೂ ನಿಜ. ಔಷಧದ ವಿಷ ಅಲ್ಲ ಅದು, ಭಯ, ಖಾಲಿ ಹೊಟ್ಟೆ, ಸೆಖೆ, ಕೆಲವರಿಗೆ ಅದೇ ದಿನ ಮುಟ್ಟು. ಮುಂದೆ ಇರೋಳು ಬಿದ್ದಿದ್ದನ್ನ ಸಾಲಲ್ಲಿ ನಿಂತವಳು ನೋಡಿದ್ರೆ ಅವಳೂ ಬೀಳ್ತಾಳೆ, ನೋಡ್ತಾ ನೋಡ್ತಾ ಹತ್ತು ಜನ. ಗೊತ್ತಿರೋ ನರ್ಸ್ ಏನ್ ಮಾಡ್ತಾರೆ ಅಂದ್ರೆ ಮೊದಲು ತಿಂಡಿ ತಿಂದ್ರಾ ಅಂತ ಕೇಳ್ತಾರೆ, ಕೂರಿಸಿ ಅಥವಾ ಮಲಗಿಸಿ ಚುಚ್ತಾರೆ, ಭಯ ಜಾಸ್ತಿ ಇರೋಳನ್ನ ಮೊದಲೇ ಗುರುತಿಸಿ ಬೇರೆ ಕೂರಿಸ್ತಾರೆ, ಲಸಿಕೆ ಆದವರು ಇನ್ನೊಂದು ಬಾಗಿಲಿಂದ ಹೊರಗೆ ಹೋಗೋ ಹಾಗೆ ಮಾಡ್ತಾರೆ, ಸಾಲಿನವರಿಗೆ ಕಾಣಲೇಬಾರದು. ನಿಜವಾದ ಅಲರ್ಜಿ ತೀರಾ ಅಪರೂಪ, ಆದ್ರೆ ಬಂದ್ರೆ ನಿಮಿಷಗಳಲ್ಲಿ ಅಡ್ರಿನಲಿನ್ ಕೊಡ್ಬೇಕು. ಯಾವುದು ಭಯದ ಸುತ್ತು ಯಾವುದು ಅಲರ್ಜಿ ಅಂತ ಕಂಡುಹಿಡಿಯೋದು ಪಿಟಿ ಮಾಸ್ತರರ ಕೆಲಸ ಅಲ್ಲ.

ಇದನ್ನ ಸಣ್ಣದು ಅಂದ್ಕೊಂಡ್ರೆ ಕೊಲಂಬಿಯಾ ನೋಡಿ. ಅಲ್ಲಿ 2014ರಲ್ಲಿ ಎಲ್ ಕಾರ್ಮೆನ್ ದೆ ಬೊಲಿವಾರ್ ಅನ್ನೋ ಊರಲ್ಲಿ ಶಾಲಾ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಕುಸಿದು ಬಿದ್ದ ವಿಡಿಯೋಗಳು ದೇಶ ಪೂರ್ತಿ ಹರಡಿದವು. ತನಿಖೆಯಲ್ಲಿ ಲಸಿಕೆಯ ತಪ್ಪು ಸಿಗಲಿಲ್ಲ. ಆದ್ರೂ ಶೇ. 90ರ ಮೇಲಿದ್ದ ಪ್ರಮಾಣ ಪಾತಾಳಕ್ಕೆ ಇಳೀತು. ಜಪಾನಿನಲ್ಲೂ ಹೀಗೇ, 2013ರಲ್ಲಿ ಸರ್ಕಾರ ಭಯಕ್ಕೆ ಬಗ್ಗಿ ಶಿಫಾರಸು ಮಾಡೋದನ್ನೇ ನಿಲ್ಲಿಸಿತು, ಶೇ. 70ರ ಆಸುಪಾಸು ಇದ್ದಿದ್ದು ಒಂದಕ್ಕಿಂತ ಕೆಳಗೆ ಬಂತು, ಮತ್ತೆ ಶುರು ಮಾಡೋಕೆ 2022ರ ಏಪ್ರಿಲ್ ಬೇಕಾಯ್ತು. ಒಂದು ಶಾಲೆಯ ಒಂದು ಕೆಟ್ಟ ಮಧ್ಯಾಹ್ನ ಒಂದು ರಾಜ್ಯದ ಕಾರ್ಯಕ್ರಮವನ್ನ ಹತ್ತು ವರ್ಷ ಹಿಂದೆ ತಳ್ಳಬಹುದು, ಮುಂಬಯಿಯಂಥ ಊರಲ್ಲಿ ಅದಕ್ಕೆ ಒಂದು ಮೊಬೈಲ್ ಸಾಕು.

ನಮ್ಮಲ್ಲಿ ಶಾಲೆ ನರ್ಸ್ ಅಂದ್ರೆ ಯಾರು

ದೊಡ್ಡ ಫೀಸಿನ ಶಾಲೆಗಳಲ್ಲಿ ಸಿಕ್ ರೂಮ್, ಒಬ್ಬ ನರ್ಸ್ ಇರ್ತಾರೆ. ಕೇಂದ್ರೀಯ ವಿದ್ಯಾಲಯಗಳು ಗುತ್ತಿಗೆ ಮೇಲೆ ನರ್ಸ್ ತಗೊಳ್ತವೆ. ಉಳಿದ ಸರ್ಕಾರಿ, ಪಾಲಿಕೆ, ಅನುದಾನಿತ ಶಾಲೆಗಳಿಗೆ ಬರೋದು ಆರ್‌ಬಿಎಸ್‌ಕೆ, ಅಂದ್ರೆ ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ಈ ಯೋಜನೆ 2013ರ ಫೆಬ್ರವರಿಯಲ್ಲಿ ಶುರುವಾಗಿದ್ದೇ ನಮ್ಮ ಪಕ್ಕದ ಪಾಲ್ಘರ್‌ನಲ್ಲಿ. ಒಂದು ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರ್, ಒಬ್ಬರು ಎಎನ್‌ಎಂ ಅಥವಾ ಸ್ಟಾಫ್ ನರ್ಸ್, ಒಬ್ಬರು ಫಾರ್ಮಸಿಸ್ಟ್, ಶಾಲೆಗೆ ವರ್ಷಕ್ಕೊಮ್ಮೆ ಬಂದು ತಪಾಸಣೆ. ಒಳ್ಳೆ ಯೋಜನೆನೇ, ಹೃದಯದ ತೊಂದ್ರೆ, ಕಣ್ಣಿನ ತೊಂದ್ರೆ ಎಷ್ಟೋ ಮಕ್ಕಳಲ್ಲಿ ಇದರಿಂದಲೇ ಗೊತ್ತಾಗಿರೋದು. ಆದ್ರೆ ವರ್ಷಕ್ಕೊಮ್ಮೆ ಬರೋರಿಗೆ ಯಾವ ಹುಡುಗಿ ಯಾರು ಅಂತ ಗೊತ್ತಿರಲ್ಲ.

ಉಳಿದ ದಿನ ಈ ಕೆಲಸ ಟೀಚರ್ ತಲೆ ಮೇಲೆ. ವಾರಕ್ಕೊಮ್ಮೆ ನೀಲಿ ಕಬ್ಬಿಣದ ಮಾತ್ರೆ ನುಂಗಿಸೋರು ಅವರೇ, ಜಂತುಹುಳುವಿನ ಮಾತ್ರೆ ಕೊಡೋರು ಅವರೇ, 2020ರಿಂದ ಶಾಲೆಗೆ ಇಬ್ಬರು ಟೀಚರ್‌ಗಳು ಆರೋಗ್ಯ ರಾಯಭಾರಿಗಳು ಬೇರೆ. ಚುನಾವಣೆ ಡ್ಯೂಟಿ, ಸಮೀಕ್ಷೆ, ಬಿಸಿಯೂಟದ ಲೆಕ್ಕ, ಇವುಗಳ ಮೇಲೆ ಇದು. ಹತ್ತು ವರ್ಷಕ್ಕೆ ಮತ್ತು ಹದಿನಾರಕ್ಕೆ ಕೊಡೋ ಟಿಡಿ ಲಸಿಕೆ, ಅದೇ ಧನುರ್ವಾಯು ಮತ್ತು ಗಂಟಲುಮಾರಿಯದು, ಅದೂ ಶಾಲೆಯಲ್ಲೇ ಕೊಡ್ಬೇಕಾದ್ದು. ನಿಮ್ಮ ಮನೆಯ ಹತ್ತನೇ ಕ್ಲಾಸಿನ ಹುಡುಗನಿಗೆ ಅದು ಆಗಿದೆಯಾ ಅಂತ ಕೇಳಿ ನೋಡಿ, ಹೆಚ್ಚಿನ ಮನೆಯಲ್ಲಿ ಉತ್ತರ ಇರಲ್ಲ. ಯಾವ ಗಲಾಟೆನೂ ಇಲ್ಲದ ಲಸಿಕೆಯ ಗತಿನೇ ಇದು ಅಂದ್ಮೇಲೆ ಎಚ್‌ಪಿವಿ ಕಥೆ ಏನು.

ದುಡ್ಡಿಲ್ಲ, ಅಷ್ಟು ನರ್ಸ್ ಎಲ್ಲಿಂದ ತರೋದು ಅಂತಾರೆ ಅಧಿಕಾರಿಗಳು. ಇದಕ್ಕೆ ಒಂದು ಉತ್ತರ ಮುಂಬಯಿಯಲ್ಲೇ ಇದೆ. ಟಾಟಾ ಮೆಮೋರಿಯಲ್‌ನ ಸುರೇಂದ್ರ ಶಾಸ್ತ್ರಿ ಅವರ ತಂಡ 1998ರಿಂದ ಇಲ್ಲಿನ ಝೋಪಡಪಟ್ಟಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಒಂದು ಅಧ್ಯಯನ ಮಾಡ್ತು. ಡಾಕ್ಟರ್ ಅಲ್ಲ ನರ್ಸೂ ಅಲ್ಲ, ಹತ್ತನೇ ಕ್ಲಾಸ್ ಓದಿದ ಹೆಂಗಸರನ್ನ ಆರಿಸಿ, ಕೆಲವೇ ವಾರ ತರಬೇತಿ ಕೊಟ್ಟು, ವಿನೆಗರ್ ಹಚ್ಚಿ ಗರ್ಭಕಂಠ ನೋಡೋ ಸರಳ ತಪಾಸಣೆ ಕಲಿಸಿದ್ರು. 2013ರಲ್ಲಿ ಫಲಿತಾಂಶ ಹೇಳಿದಾಗ ತಪಾಸಣೆ ನಡೆದ ಬಸ್ತಿಗಳಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಮ್ಮಿ. ತಪಾಸಣೆ ಸಿಗದ ಇನ್ನೊಂದು ಗುಂಪಿನ ಹೆಂಗಸರ ವಿಷಯದಲ್ಲಿ ನೈತಿಕತೆಯ ಪ್ರಶ್ನೆ ಎದ್ದಿದ್ದೂ ಹೌದು, ಅದನ್ನ ಮುಚ್ಚಿಡೋದು ಬೇಡ. ಆದ್ರೆ ನಂಬಿಕೆ ಗಳಿಸಿದ, ಸರಿಯಾಗಿ ಕಲಿತ, ಪದೇ ಪದೇ ಅದೇ ಗಲ್ಲಿಗೆ ಬರೋ ಹೆಂಗಸು ಏನ್ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪ್ರತಿ ಶಾಲೆಗೆ ಒಬ್ಬರು ಆಗದಿದ್ರೂ ಹತ್ತಿರದ ಐದಾರು ಶಾಲೆಗೆ ಒಬ್ಬ ಕಾಯಂ ನರ್ಸ್, ಜೊತೆಗೆ ಬಸ್ತಿಯ ಆರೋಗ್ಯ ಸೇವಿಕೆ, ಇಷ್ಟು ಆಗದೇ ಇರೋ ಮಾತಲ್ಲ. ಆ ಸೇವಿಕೆಯರಿಗೆ ಸರಿಯಾದ ಸಂಬಳ ಕೊಡ್ಬೇಕಾಗತ್ತೆ ಅನ್ನೋದು ಬೇರೆ ವಿಷ್ಯ, ಬಹುಶಃ ಅದೇ ಅಸಲಿ ವಿಷ್ಯ.

ಸಹಿ ಯಾರದ್ದು

ಕಾನೂನು ಪ್ರಕಾರ ಹದಿನೆಂಟರ ಒಳಗಿನವರಿಗೆ ಅಪ್ಪ ಅಮ್ಮ ಅಥವಾ ಪೋಷಕರ ಒಪ್ಪಿಗೆ ಬೇಕು. ದಡಾರ-ರುಬೆಲ್ಲಾ ಅಭಿಯಾನದಲ್ಲಿ ಇದೇ ಜಗಳ ದೆಹಲಿ ಹೈಕೋರ್ಟಿಗೆ ಹೋಗಿ, 2019ರ ಜನವರಿಯಲ್ಲಿ ಪೋಷಕರ ಸ್ಪಷ್ಟ ಒಪ್ಪಿಗೆ ಇಲ್ಲದೆ ಶಾಲೆಯಲ್ಲಿ ಲಸಿಕೆ ಕೊಡೋ ಹಾಗಿಲ್ಲ ಅಂತ ಆಯ್ತು. ಹಾಗಾಗಿ ಆ ತಾಯಿಯ ಪ್ರಶ್ನೆಗೆ ಉತ್ತರ, ಕೇಳದೇ ಚುಚ್ಚೋ ಹಾಗಿಲ್ಲ.

ತೊಂದ್ರೆ ಬರೋದು ಫಾರ್ಮ್ ವಾಪಸ್ ಬರದೇ ಇದ್ದಾಗ. ಬೇಡ ಅಂದವರು ಒಂದು ಗುಂಪು, ಫಾರ್ಮ್ ಬ್ಯಾಗಲ್ಲೇ ಮುದುಡಿಹೋಗಿದ್ದು ಇನ್ನೊಂದು ಗುಂಪು, ಎರಡನೇದೇ ಯಾವಾಗ್ಲೂ ದೊಡ್ಡದು. ಇಂಗ್ಲೆಂಡಿನಲ್ಲಿ ಶಾಲೆಗೆ ಮೀಸಲಾದ ನರ್ಸ್ ತಂಡ ಫಾರ್ಮ್ ಬರದ ಮನೆಗೆ ಫೋನ್ ಮಾಡತ್ತೆ, ಆ ದಿನ ರಜೆ ಹಾಕಿದವರಿಗೆ ಇನ್ನೊಂದು ದಿನ ಬರತ್ತೆ. ವಿಷಯ ಪೂರ್ತಿ ಅರ್ಥ ಆಗಿದೆ ಅಂತ ನರ್ಸಿಗೆ ಖಾತ್ರಿ ಆದ್ರೆ ಹದಿನಾರರ ಒಳಗಿನ ಹುಡುಗಿ ತಾನೇ ಒಪ್ಪಿಗೆ ಕೊಡೋಕೂ ಅಲ್ಲಿನ ಕಾನೂನಲ್ಲಿ ದಾರಿ ಇದೆ, ನಮ್ಮಲ್ಲಿ ಅದು ಇಲ್ಲ. ಇರಬೇಕಾ ಅಂದ್ರೆ, ಈಗಿನ ಸ್ಥಿತಿಯಲ್ಲಿ ಬೇಡ ಅನ್ಸತ್ತೆ, ಖಮ್ಮಂ ಆದ ಮೇಲೆ ಮನೆಯವರನ್ನ ಬದಿಗಿಟ್ಟು ಏನೂ ಮಾಡೋಕಾಗಲ್ಲ.

ಕನ್ನಡದ ಮನೆಗಳ ಲೆಕ್ಕ ಬೇರೆ

ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸತ್ತೆ, ಅದ್ರಲ್ಲಿ ಕನ್ನಡನೂ ಒಂದು. ಅಲ್ಲಿ ಓದೋ ಮಕ್ಕಳು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ದುಡಿಯೋಕೆ ಬಂದವರ ಮಕ್ಕಳು, ಗೋವಾದ ಬೈನಾ, ಝುವಾರಿನಗರದ ಕಥೆನೂ ಅದೇ, ಪುಣೆಯ ಕಟ್ಟಡ ಸೈಟುಗಳದ್ದೂ ಅದೇ. ಒಪ್ಪಿಗೆ ಪತ್ರ ಮರಾಠಿಯಲ್ಲೋ ಇಂಗ್ಲಿಷಲ್ಲೋ ಬಂದ್ರೆ ಅಮ್ಮನಿಗೆ ಓದಿ ಹೇಳೋಳು ಆ ಹುಡುಗಿನೇ, ತನಗೆ ಚುಚ್ಚೋ ಸೂಜಿ ಬಗ್ಗೆ ತಾನೇ ಅಮ್ಮನಿಗೆ ತಿಳಿಸಿ ಒಪ್ಪಿಸ್ಬೇಕು. ಹೆಬ್ಬೆಟ್ಟು ಬೀಳತ್ತೆ, ಕಾಗದದ ಮಟ್ಟಿಗೆ ಒಪ್ಪಿಗೆ ಆಯ್ತು, ಒಳಗೆ ಏನೂ ಆಗಿರಲ್ಲ. ಮಾಟುಂಗಾ, ವಡಾಲಾ, ಡೊಂಬಿವಲಿಯಲ್ಲಿ ನಮ್ಮ ಸಂಘಗಳಿಗೆ ಕೊರತೆ ಇಲ್ಲ, ಎರಡು ನಿಮಿಷದ ಒಂದು ಕನ್ನಡ ಆಡಿಯೋ, ಅದೂ ಬಾಂಬೆ ಡಾಕ್ಟರ್ ಕನ್ನಡದಲ್ಲಲ್ಲ ಕಲಬುರಗಿ ಮಾತಲ್ಲಿ, ಮಾಡಿ ಹಂಚಿದ್ರೆ ರಾಜ್ಯೋತ್ಸವದ ಬ್ಯಾನರಿಗಿಂತ ಕಮ್ಮಿ ಖರ್ಚು.

ಮತ್ತೆ ಊರಿಂದೂರಿಗೆ ಓಡಾಟ. ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕ ಮತ್ತು ಗೋವಾದಲ್ಲಿ ನಡೆದಿದ್ದು 2017ರಲ್ಲಿ, ಮಹಾರಾಷ್ಟ್ರದಲ್ಲಿ 2018ರ ನವೆಂಬರಿಂದ. ಮಧ್ಯದಲ್ಲಿ ಊರು ಬದಲಾಯಿಸಿದ ಮಗುವಿಗೆ ಎರಡು ಸಲ ಆಗಿರಬಹುದು, ಒಂದೂ ಆಗದೇ ಇರಬಹುದು, ಅದನ್ನ ಹೇಳೋ ಕಾಗದ ಯಾರ ಹತ್ರನೂ ಇಲ್ಲ. ಎಚ್‌ಪಿವಿಯಲ್ಲಿ ಇದು ಇನ್ನೂ ಕಷ್ಟ, ಯಾಕಂದ್ರೆ ಹದಿಮೂರು ಹದಿನಾಲ್ಕು ಅನ್ನೋದು ಹುಡುಗಿ ಶಾಲೆ ಬಿಡೋ ವಯಸ್ಸೂ ಹೌದು, ತಮ್ಮನನ್ನ ನೋಡ್ಕೊಳ್ಳೋಕೆ ಮನೇಲಿ ಉಳಿಯೋದು, ಊರಲ್ಲಿ ಮದುವೆ ಮಾತು. ಶಾಲೆಯ ರಿಜಿಸ್ಟರ್ ನೋಡಿ ಶೇ. 90 ಆಯ್ತು ಅಂತ ಬರೆದ್ರೆ ರಿಜಿಸ್ಟರಿನಲ್ಲೇ ಇಲ್ಲದ ಹುಡುಗಿ ಆ ಲೆಕ್ಕಕ್ಕೇ ಬರಲ್ಲ.

ಫಾರ್ಮ್ ಬಂದ್ರೆ ಏನ್ ಕೇಳೋದು

ಶಾಲೆಯಲ್ಲೋ ಆಸ್ಪತ್ರೆಯಲ್ಲೋ, ಎಲ್ಲೇ ಕೊಟ್ರೂ ಕೇಳೋ ಪ್ರಶ್ನೆ ಅವೇ. ಯಾವ ಲಸಿಕೆ, ಎಷ್ಟು ಡೋಸ್. ಆ ದಿನ ಅಲ್ಲಿ ಯಾರಿರ್ತಾರೆ, ಅರ್ಧ ಗಂಟೆ ಯಾರು ನೋಡ್ಕೊಳ್ತಾರೆ, ರಾತ್ರಿ ಜ್ವರ ಬಂದ್ರೆ ಯಾವ ನಂಬರಿಗೆ ಫೋನ್ ಮಾಡೋದು. ಮಗಳಿಗೆ ಮುಂಚೆ ಯಾವುದಾದ್ರೂ ಲಸಿಕೆಗೆ ಅಲರ್ಜಿ ಆಗಿದ್ರೆ, ಫಿಟ್ಸ್ ಇದ್ರೆ, ಬೇರೆ ಔಷಧ ನಡೀತಿದ್ರೆ ಅದನ್ನ ಫಾರ್ಮಿನಲ್ಲಿ ಬರೆಯೋದು. ಉತ್ತರ ಹೇಳೋರು ಯಾರೂ ಸಿಗದಿದ್ರೆ ಸಹಿ ಹಾಕೋ ಮುಂಚೆ ಹತ್ತಿರದ ಪಾಲಿಕೆ ದವಾಖಾನೆಗೆ ಹೋಗಿ ಕೇಳ್ಬಹುದು, ಅದು ಹಕ್ಕು, ತಕರಾರಲ್ಲ. ಗಂಡುಮಕ್ಕಳಿಗೆ ಯಾಕಿಲ್ಲ ಅಂತ ಕೇಳೋರಿಗೆ, ಇಂಗ್ಲೆಂಡ್ 2019ರಿಂದ ಹುಡುಗರಿಗೂ ಕೊಡ್ತಿದೆ, ನಮ್ಮಲ್ಲಿ ಮೊದಲು ಹುಡುಗಿಯರು ಅನ್ನೋದು ದುಡ್ಡು ಮತ್ತು ಡೋಸಿನ ಲೆಕ್ಕ.

ಲಸಿಕೆ ಆದ ಮೇಲೂ ಮೂವತ್ತು ದಾಟಿದ ಮೇಲೆ ತಪಾಸಣೆ ತಪ್ಪಲ್ಲ, 16 ಮತ್ತು 18 ಬಿಟ್ಟು ಬೇರೆ ಬಗೆಗಳೂ ಇವೆಯಲ್ಲ. ಸರ್ಕಾರದ ಲಸಿಕೆ ಪೋರ್ಟಲ್‌ನಲ್ಲಿ ಎಂಟ್ರಿ ಮಾಡಿದ್ವಿ ಅಂತ ಹೇಳಿದ್ರೂ ಸಾಲದು, ಅಲ್ಲಿ ಕೊಟ್ಟಿರೋದು ಅಪ್ಪನ ಹಳೇ ಸಿಮ್ ನಂಬರ್ ಆಗಿದ್ರೆ ಮುಂದೆ ಅದನ್ನ ತೆಗೆಯೋದು ಕಷ್ಟ. ಲಸಿಕೆ ಹೆಸರು, ಬ್ಯಾಚ್ ನಂಬರ್, ತಾರೀಖು ಇರೋ ಕಾಗದದ ಕಾರ್ಡ್ ಕೇಳಿ ತಗೊಂಡು ಟಿಸಿ, ಆಧಾರ್ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ರೆ, ನಾಳೆ ಶಹಾಪುರಕ್ಕೋ ಸಿಂದಗಿಗೋ ವಾಪಸ್ ಹೋದಾಗ ಅಲ್ಲಿನ ಎಎನ್‌ಎಂ ಮತ್ತೆ ಮೊದಲಿಂದ ಕೇಳೋ ಅವಶ್ಯಕತೆ ಇರಲ್ಲ.